ಒಂದು ಮಾತ್ರೆಯೊಳಗೆ ಮೂರು ಕಂಪನಿ

2001ರಲ್ಲಿ ಮುಂಬೈನ ಸಿಪ್ಲಾ ಕಂಪನಿ ಎಚ್‌ಐವಿ ಸೋಂಕಿತರಿಗಾಗಿ ಒಂದು ಮಾತ್ರೆಯನ್ನು ಹೊರತಂದಿತು. ಹೆಸರು ಟ್ರಯೋಮ್ಯೂನ್. ಬೆಳಿಗ್ಗೆ ಒಂದು, ರಾತ್ರಿ ಒಂದು ನುಂಗಿದರೆ ಆ ದಿನದ ಚಿಕಿತ್ಸೆ ಮುಗಿಯಿತು. ಅದರೊಳಗೆ ಮೂರು ಔಷಧಗಳಿದ್ದವು: ಸ್ಟಾವುಡಿನ್ 40 ಮಿಲಿಗ್ರಾಂ, ಲ್ಯಾಮಿವುಡಿನ್ 150 ಮಿಲಿಗ್ರಾಂ, ನೆವಿರಪಿನ್ 200 ಮಿಲಿಗ್ರಾಂ. ದೇಹದ ತೂಕ ಕಡಿಮೆ ಇದ್ದವರಿಗೆ ಸ್ಟಾವುಡಿನ್ ಅಂಶವನ್ನು 30ಕ್ಕೆ ಇಳಿಸಿದ ಇನ್ನೊಂದು ಮಾತ್ರೆಯೂ ಇತ್ತು.

ಇದರಲ್ಲೇನು ವಿಶೇಷ ಎಂದು ಇವತ್ತು ಅನ್ನಿಸಬಹುದು. ಆಗಿನ ಚಿಕಿತ್ಸೆ ಹೇಗಿತ್ತು ಎಂಬುದು ಗೊತ್ತಾದರೆ ಹಾಗೆ ಅನ್ನಿಸುವುದಿಲ್ಲ. ಇಂಡಿನವಿರ್ ಎಂಬ ಔಷಧವನ್ನು ಎಂಟು ಗಂಟೆಗೊಮ್ಮೆ, ಬಹುಮಟ್ಟಿಗೆ ಖಾಲಿ ಹೊಟ್ಟೆಯಲ್ಲಿ ನುಂಗಬೇಕಿತ್ತು. ಮೂತ್ರಪಿಂಡದಲ್ಲಿ ಕಲ್ಲಾಗದಿರಲಿ ಎಂದು ದಿನಕ್ಕೆ ಒಂದೂವರೆ ಲೀಟರಿಗೆ ಕಡಿಮೆಯಾಗದಂತೆ ನೀರು ಕುಡಿಯಬೇಕಿತ್ತು. ಜೊತೆಗಿನ ಇನ್ನೆರಡು ಔಷಧಗಳಿಗೆ ಅವುಗಳದ್ದೇ ಹೊತ್ತು, ಅವುಗಳದ್ದೇ ಪಥ್ಯ. ಆಗಾಗ ಹೊತ್ತು ತಪ್ಪಿದರೆ ವೈರಸ್ಸು ಔಷಧಕ್ಕೆ ಪಳಗಿಬಿಡುತ್ತದೆ. ಆಮೇಲೆ ಎಷ್ಟು ನುಂಗಿದರೂ ಪ್ರಯೋಜನವಿಲ್ಲ. ಗಡಿಯಾರವಿಲ್ಲದ ಮನೆಯಲ್ಲಿ, ಎರಡು ಹೊತ್ತಿನ ಊಟಕ್ಕೇ ಖಾತ್ರಿಯಿಲ್ಲದ ಕಡೆ ಇದನ್ನೆಲ್ಲ ಪಾಲಿಸುವುದು ಆಗದ ಮಾತಾಗಿತ್ತು.

ಹಾಗಾದರೆ ಮೂರನ್ನೂ ಒಂದಾಗಿಸುವ ಈ ಸರಳ ಕೆಲಸವನ್ನು ಅಮೆರಿಕ, ಯುರೋಪಿನ ದೊಡ್ಡ ಕಂಪನಿಗಳು ಮೊದಲೇ ಏಕೆ ಮಾಡಲಿಲ್ಲ? ಪುಡಿ ಬೆರೆಸಿ ಒತ್ತುವ ಯಂತ್ರ ಅವರಲ್ಲಿ ಇರಲಿಲ್ಲವೇ? ಬೇಕಾದಷ್ಟಿತ್ತು. ಅಡ್ಡಿ ಇದ್ದದ್ದು ಒಡೆತನದಲ್ಲಿ. ಸ್ಟಾವುಡಿನ್ ಅಮೆರಿಕದ ಬ್ರಿಸ್ಟಲ್-ಮೈಯರ್ಸ್ ಸ್ಕ್ವಿಬ್‌ ಕೈಯಲ್ಲಿತ್ತು, ಲ್ಯಾಮಿವುಡಿನ್ ಬ್ರಿಟನ್ನಿನ ಗ್ಲಾಕ್ಸೊ ಕೈಯಲ್ಲಿ, ನೆವಿರಪಿನ್ ಜರ್ಮನಿಯ ಬೋರಿಂಗರ್ ಇಂಗೆಲ್‌ಹೈಮ್ ಕೈಯಲ್ಲಿ. ಒಬ್ಬರ ಹೊಲಕ್ಕೆ ಇನ್ನೊಬ್ಬರು ಕಾಲಿಡುವಂತಿಲ್ಲ. ಗ್ಲಾಕ್ಸೊ ತನ್ನದೇ ಮೂರು ಔಷಧಗಳನ್ನು ಸೇರಿಸಿದ ಮಾತ್ರೆಯೊಂದನ್ನು 2000ದ ಕೊನೆಗೆ ತಂದಿತ್ತು, ನಿಜ. ಆದರೆ ಬೇರೆಯವರ ಔಷಧವನ್ನು ಬೆರೆಸುವ ಮಾತು ಬಂದರೆ ಪ್ರಯೋಗಾಲಯಕ್ಕಿಂತ ಮೊದಲು ವಕೀಲರ ಕೋಣೆಗೆ ಹೋಗಬೇಕಿತ್ತು. ಬೇರೆ ಬೇರೆ ಅಮೆರಿಕನ್ ಕಂಪನಿಗಳ ಔಷಧಗಳು ದಿನಕ್ಕೊಂದೇ ಮಾತ್ರೆಯಾಗಿ ಒಂದಾದದ್ದು 2006ರಲ್ಲಿ; ಅದಕ್ಕಾಗಿ ಆ ಕಂಪನಿಗಳು ಒಂದು ಜಂಟಿ ಸಂಸ್ಥೆಯನ್ನೇ ಹುಟ್ಟುಹಾಕಬೇಕಾಯಿತು.

ಮುಂಬೈಯಲ್ಲಿ ಈ ತಾಪತ್ರಯವಿರಲಿಲ್ಲ. ಅಲ್ಲಿ ಆ ಮೂರೂ ಔಷಧಗಳಿಗೆ ಯಜಮಾನರೇ ಇರಲಿಲ್ಲ. ಇರದಂತೆ ನೋಡಿಕೊಂಡದ್ದು 1970ರ ಪೇಟೆಂಟ್ ಕಾಯ್ದೆಯ 5ನೇ ಸೆಕ್ಷನ್. ಸಿಪ್ಲಾದ ಇತಿಹಾಸವನ್ನು ಸಾಹಸಿ ತಂದೆ, ಛಲಗಾರ ಮಗ ಎಂಬ ಧಾಟಿಯಲ್ಲಿ ಹೇಳುವುದು ರೂಢಿ. ಅದು ಸುಳ್ಳಲ್ಲ. ಆದರೆ ಆ ಸೆಕ್ಷನ್ ಇಲ್ಲದಿದ್ದರೆ ತಂದೆ ಮಗ ಇಬ್ಬರ ಛಲವೂ ಗೋದಾಮಿನಲ್ಲೇ ಉಳಿಯುತ್ತಿತ್ತು ಎಂದು ನನ್ನ ಎಣಿಕೆ.

ತಂದೆಯ ಹೆಸರು ಖ್ವಾಜಾ ಅಬ್ದುಲ್ ಹಮೀದ್. ಅಲಿಗಢದವರು. ಅಸಹಕಾರ ಚಳವಳಿಯ ಗಾಳಿ ಸೋಕಿದವರು. ರಸಾಯನಶಾಸ್ತ್ರದ ಹೆಚ್ಚಿನ ಓದಿಗೆ ಬರ್ಲಿನ್‌ಗೆ ಹೋದರು. ಆ ಕಾಲಕ್ಕೆ ರಸಾಯನವೆಂದರೆ ಜರ್ಮನಿ. ಅಲ್ಲೇ ಲಿಥುವೇನಿಯಾ ಮೂಲದ ಯಹೂದಿ ಯುವತಿ ಲೂಬಾ ಅವರ ಪರಿಚಯವಾಗಿ, ಮದುವೆಯಾದರು. ಹಿಟ್ಲರ್‌ನ ನೆರಳು ಚಾಚಿಕೊಳ್ಳುವ ಮುನ್ನ ಭಾರತಕ್ಕೆ ಮರಳಿ, 1935ರಲ್ಲಿ ಮುಂಬೈಯಲ್ಲಿ ‘ಕೆಮಿಕಲ್, ಇಂಡಸ್ಟ್ರಿಯಲ್ ಅಂಡ್ ಫಾರ್ಮಾಸ್ಯುಟಿಕಲ್ ಲ್ಯಾಬೊರೇಟರೀಸ್’ ಎಂಬ ಉದ್ದನೆಯ ಹೆಸರಿನ ಕಂಪನಿಯನ್ನು ಕಟ್ಟಿದರು. ಆ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದ್ದೇ ಸಿಪ್ಲಾ. ಮುಂಬೈ ಸೆಂಟ್ರಲ್ ಬಳಿಯ ಕಾರ್ಖಾನೆಗೆ 1939ರ ಜುಲೈಯಲ್ಲಿ ಗಾಂಧೀಜಿ ಬಂದು ಹೋದರು. ಎರಡು ತಿಂಗಳಿಗೆ ಯುದ್ಧ ಶುರುವಾಯಿತು. ಯುರೋಪಿನ ಹಡಗುಗಳು ಬರುವುದು ತಗ್ಗಿ ಔಷಧಕ್ಕೆ ಬರ ಬಿದ್ದಾಗ, ಇಲ್ಲಿಯೇ ತಯಾರಿಸಬಲ್ಲವರಿಗೆ ಬೆಲೆ ಬಂತು.

ಸ್ವಾತಂತ್ರ್ಯ ಬಂದ ಮೇಲೂ ಔಷಧದ ವಿಷಯದಲ್ಲಿ ದೇಶ ಪರತಂತ್ರವಾಗಿಯೇ ಇತ್ತು. ಕಾರಣ ಬ್ರಿಟಿಷರು ಬಿಟ್ಟುಹೋದ 1911ರ ಪೇಟೆಂಟ್ ಕಾಯ್ದೆ. ಅದು ಔಷಧದ ಮೇಲೆ 16 ವರ್ಷದ ಏಕಸ್ವಾಮ್ಯ ಕೊಡುತ್ತಿತ್ತು. ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ ಅವರ ಸಮಿತಿ 1959ರಲ್ಲಿ ಕೊಟ್ಟ ವರದಿ ಇದನ್ನು ಬಿಡಿಸಿಟ್ಟಿತು: ಭಾರತದ ಪೇಟೆಂಟ್‌ಗಳಲ್ಲಿ ಶೇ. 80ರಿಂದ 90ರಷ್ಟು ವಿದೇಶಿಯರದ್ದು, ಅವುಗಳಲ್ಲಿ ಶೇ. 90ಕ್ಕೂ ಹೆಚ್ಚಿನವು ಇಲ್ಲಿ ಉತ್ಪಾದನೆಗೇ ಬಂದಿಲ್ಲ. ಅಂದರೆ ಕಂಪನಿಗಳು ಪೇಟೆಂಟ್ ತೆಗೆದುಕೊಳ್ಳುತ್ತಿದ್ದದ್ದು ಇಲ್ಲಿ ಔಷಧ ಮಾಡುವುದಕ್ಕಲ್ಲ, ಬೇರೆಯವರು ಮಾಡದಿರಲಿ ಎಂಬುದಕ್ಕೆ. ಅದೇ ಹೊತ್ತಿಗೆ ಅಮೆರಿಕದ ಸೆನೆಟ್ ಸಮಿತಿಯೊಂದು ಔಷಧ ದುಬಾರಿಯಾಗಿರುವ ದೇಶಗಳ ಸಾಲಿನಲ್ಲಿ ಭಾರತವನ್ನೂ ಹೆಸರಿಸಿತು. ಬಡ ದೇಶ, ಶ್ರೀಮಂತ ಬೆಲೆ.

ಅಯ್ಯಂಗಾರ್ ವರದಿಯ ಮುಖ್ಯ ಸಲಹೆಯನ್ನು ಅಡುಗೆಮನೆಯ ಭಾಷೆಯಲ್ಲಿ ಹೇಳಬಹುದು. ಹೋಳಿಗೆಯನ್ನು ಬಾಳೆಲೆಗೆ ಎಣ್ಣೆ ಸವರಿ ಕೈಯಲ್ಲಿ ತಟ್ಟುವವರಿದ್ದಾರೆ, ಅಕ್ಕಿಹಿಟ್ಟು ಉದುರಿಸಿ ಲಟ್ಟಿಸುವವರೂ ಇದ್ದಾರೆ. ಕಾವಲಿಯಿಂದ ಇಳಿದಾಗ ಎರಡೂ ಹೋಳಿಗೆಯೇ. ಯಾರಿಗಾದರೂ ‘ಹೋಳಿಗೆ’ ಎಂಬ ಪದಾರ್ಥದ ಮೇಲೆಯೇ ಹಕ್ಕು ಬರೆದುಕೊಟ್ಟರೆ ನೀವು ತಟ್ಟಿದರೂ ತಪ್ಪು, ಲಟ್ಟಿಸಿದರೂ ತಪ್ಪು. ಇದು ಉತ್ಪನ್ನ ಪೇಟೆಂಟ್. ಹಕ್ಕು ಬರಿಯ ತಟ್ಟುವ ವಿಧಾನದ ಮೇಲಿದ್ದರೆ, ಲಟ್ಟಿಸಿ ಮಾಡಿದವರನ್ನು ಯಾರೂ ಕೇಳುವಂತಿಲ್ಲ. ಇದು ವಿಧಾನ ಪೇಟೆಂಟ್. ಔಷಧ ಮತ್ತು ಆಹಾರಕ್ಕೆ ಎರಡನೆಯದು ಮಾತ್ರ ಸಾಕು ಎಂದರು ಅಯ್ಯಂಗಾರ್. ದೇಶೀ ತಯಾರಕರ ಸಂಘವೂ, ಅದರ ಮುಂಚೂಣಿಯಲ್ಲಿದ್ದ ಹಮೀದ್ ಕುಟುಂಬವೂ ಇದರ ಪರ ನಿಂತವು. 1970ರಲ್ಲಿ ಸಂಸತ್ತು ಒಪ್ಪಿತು; ಅದೇ ಹೊಸ ಕಾಯ್ದೆಯ 5ನೇ ಸೆಕ್ಷನ್. 1972ರ ಏಪ್ರಿಲ್ 20ರಿಂದ ಜಾರಿ. ವಿಧಾನದ ಮೇಲಿನ ಹಕ್ಕಿನ ಅವಧಿಯೂ 16 ವರ್ಷದಿಂದ ಅರ್ಜಿ ಕೊಟ್ಟ ದಿನದಿಂದ 7 ವರ್ಷಕ್ಕೋ, ಪೇಟೆಂಟ್ ಮುದ್ರೆ ಬಿದ್ದ ದಿನದಿಂದ 5 ವರ್ಷಕ್ಕೋ, ಯಾವುದು ಮೊದಲೋ ಅಲ್ಲಿಗೆ ಇಳಿಯಿತು.

ಇದನ್ನು ಭಾರತದ ಕಿಲಾಡಿತನ ಎಂದು ಪಾಶ್ಚಾತ್ಯ ಕಂಪನಿಗಳು ಜರೆದದ್ದುಂಟು. ಹಿರಿಯ ಹಮೀದ್ ರಸಾಯನ ಕಲಿತ ಜರ್ಮನಿಯಲ್ಲಿ 1877ರ ಕಾಯ್ದೆಯಿಂದ 1968ರವರೆಗೂ ಔಷಧಕ್ಕೆ ಸಿಗುತ್ತಿದ್ದದ್ದು ವಿಧಾನ ಪೇಟೆಂಟ್ ಮಾತ್ರ. ಔಷಧ ಕಂಪನಿಗಳ ತವರಾದ ಸ್ವಿಟ್ಜರ್ಲೆಂಡ್ ಉತ್ಪನ್ನ ಪೇಟೆಂಟ್‌ಗೆ ಬಂದದ್ದು 1977ರಲ್ಲಿ, ಇಟಲಿ 1978ರಲ್ಲಿ. ತಾವು ಬೆಳೆಯುವವರೆಗೆ ಒಂದು ನೀತಿ, ಬೆಳೆದ ಮೇಲೆ ಇನ್ನೊಂದು.

ಹೋಳಿಗೆಯ ಹೋಲಿಕೆಯನ್ನು ಇಲ್ಲಿಗೇ ಬಿಡಬೇಕು. ಔಷಧದ ಅಣುವನ್ನು ಬೇರೆ ದಾರಿಯಿಂದ ಕಟ್ಟುವುದು ಲಟ್ಟಣಿಗೆ ಹಿಡಿದಷ್ಟು ಸುಲಭವಲ್ಲ, ಮತ್ತು ಭಾರತದ ಔಷಧ ಏಕೆ ಅಗ್ಗ ಎಂಬುದರ ಗುಟ್ಟು ಇರುವುದೇ ಅಲ್ಲಿ. ಒಂದು ಅಣುವನ್ನು ಐದು ಹಂತಗಳಲ್ಲಿ ತಯಾರಿಸಬೇಕು ಎಂದಿಟ್ಟುಕೊಳ್ಳಿ. ಪ್ರತಿ ಹಂತದಲ್ಲೂ ಹಾಕಿದ್ದರಲ್ಲಿ ಶೇ. 80ರಷ್ಟು ಮಾತ್ರ ಮುಂದಿನ ಹಂತಕ್ಕೆ ದಕ್ಕುತ್ತದೆ, ಉಳಿದದ್ದು ಬೇಡದ ಪದಾರ್ಥವಾಗಿ ಕಳೆದುಹೋಗುತ್ತದೆ. ಆಗ ನೂರರಿಂದ ಹೊರಟು ಕೊನೆಗೆ ಉಳಿಯುವುದು 33. ಅದೇ ಪ್ರತಿ ಹಂತದ ಇಳುವರಿಯನ್ನು ಶೇ. 90ಕ್ಕೆ ಏರಿಸಿದರೆ ಕೊನೆಗೆ ಸಿಗುವುದು 59. ಕಚ್ಚಾವಸ್ತು ಅಷ್ಟೇ, ಔಷಧ ಹೆಚ್ಚುಕಡಿಮೆ ಇಮ್ಮಡಿ. ಒಂದು ಹಂತವನ್ನೇ ತೆಗೆದುಹಾಕಿದರೆ ಇನ್ನೂ ಲಾಭ. ದುಬಾರಿ ದ್ರಾವಕದ ಬದಲು ಅಗ್ಗದ್ದು, ಬಳಸಿದ ದ್ರಾವಕವನ್ನು ಬಟ್ಟಿ ಇಳಿಸಿ ಮತ್ತೆ ಬಳಕೆ, ತಣ್ಣಗಿಡುವ ಕಡೆ ಎರಡು ಡಿಗ್ರಿ ಉಳಿತಾಯ: ಇಂಥ ಲೆಕ್ಕದಲ್ಲಿ ನಮ್ಮ ರಸಾಯನ ಎಂಜಿನಿಯರುಗಳು ಎರಡು ತಲೆಮಾರು ಪಳಗಿದರು. ಕಾನೂನು ಬೇರೆ ದಾರಿ ಹುಡುಕಿ ಎಂದದ್ದರಿಂದ ಹುಡುಕಿದರು, ಹುಡುಕುತ್ತ ಹೋದಾಗ ಅಗ್ಗದ ದಾರಿಯೂ ಸಿಕ್ಕಿತು.

ಔಷಧ ಉದ್ಯಮದಲ್ಲಿ ಈ ಭಾಗಕ್ಕೆ ‘ಬಲ್ಕ್ ಡ್ರಗ್’ ಎನ್ನುತ್ತಾರೆ. ಡ್ರಮ್ಮುಗಳಲ್ಲಿ ತುಂಬಿ ಕಳುಹಿಸುವ ಮೂಲ ಔಷಧದ ಪುಡಿ ಅದು. ಅದಕ್ಕೆ ಪಿಷ್ಟ, ಅಂಟು, ಬಣ್ಣ ಸೇರಿಸಿ ಮಾತ್ರೆ ಒತ್ತುವುದು ಮುಂದಿನ ಕೆಲಸ, ಹೋಲಿಸಿದರೆ ಸುಲಭದ್ದು. ಬರೀ ಮಾತ್ರೆ ಒತ್ತುವ ಕಂಪನಿ ಪುಡಿ ಕೊಟ್ಟವನು ಹೇಳಿದ ಬೆಲೆಗೆ ತಲೆಯಾಡಿಸಬೇಕು. ಪುಡಿಯನ್ನೂ ತಾನೇ ಮಾಡುವ ಕಂಪನಿ ಬೆಲೆಯನ್ನು ತಾನೇ ಹೇಳಬಲ್ಲದು. ಸಿಪ್ಲಾ ಪುಡಿಯನ್ನೂ ಮಾಡುತ್ತಿತ್ತು. ಬೆಂಗಳೂರಿನ ಹಳೆ ಮದ್ರಾಸ್ ರಸ್ತೆಯಲ್ಲಿ ಕೆ.ಆರ್. ಪುರ ದಾಟಿ ಹೋಗುವವರು ವಿರ್ಗೋನಗರದಲ್ಲಿ ನೋಡುವ ಸಿಪ್ಲಾ ಘಟಕ ಇಂಥ ಮೂಲ ಔಷಧದ ಕಾರ್ಖಾನೆಯೇ.

ಮಗ ಯೂಸುಫ್ ಹಮೀದ್ ಹುಟ್ಟಿದ್ದು 1936ರಲ್ಲಿ, ತಾಯಿಯ ಊರಾದ ವಿಲ್ನಿಯಸ್‌ನಲ್ಲಿ. ಬೆಳೆದದ್ದು ಮುಂಬೈಯಲ್ಲಿ. ಕೇಂಬ್ರಿಜ್‌ನಲ್ಲಿ ನೊಬೆಲ್ ಪುರಸ್ಕೃತ ಅಲೆಕ್ಸಾಂಡರ್ ಟಾಡ್ ಅವರ ಕೈಕೆಳಗೆ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು 1960ರಲ್ಲಿ ಕಂಪನಿ ಸೇರಿದರು. ಹೊಸ ಕಾಯ್ದೆ ಬಂದ ಮೇಲೆ ಮಾಡಿದ ಮೊದಲ ಸದ್ದು ಪ್ರೊಪ್ರನೊಲಾಲ್‌ನದು. ಹೃದಯಕ್ಕೆ, ರಕ್ತದೊತ್ತಡಕ್ಕೆ ಕೊಡುವ ಈ ಔಷಧ ಬ್ರಿಟನ್ನಿನ ಐಸಿಐ ಕಂಪನಿಯ ಶೋಧ. ಸಿಪ್ಲಾ ಅದನ್ನು ಇಲ್ಲಿ ಮಾಡತೊಡಗಿದಾಗ ಐಸಿಐ ಸಿಟ್ಟಾಯಿತು. ಹಮೀದ್ ಹೇಳುವಂತೆ ದೂರು ಪ್ರಧಾನಿ ಇಂದಿರಾ ಗಾಂಧಿಯವರವರೆಗೂ ಹೋಯಿತು. ಕಾನೂನು ಸಿಪ್ಲಾದ ಕಡೆಗಿತ್ತು. ವಿಷಯ ಅಲ್ಲಿಗೆ ಮುಗಿಯಿತು.

ಏಡ್ಸ್‌ನ ಕಥೆ ಅಷ್ಟು ಸಲೀಸಾಗಿ ಮುಗಿಯಲಿಲ್ಲ. ಮೊದಲ ಪ್ರಯತ್ನ ಸೋತಿತು. ಜನ ಸಾಮಾನ್ಯವಾಗಿ 2001ರ ಗೆಲುವನ್ನಷ್ಟೇ ಹೇಳುತ್ತಾರೆ, ನನಗೆ 1993ರ ಸೋಲು ಹೆಚ್ಚು ಕುತೂಹಲದ್ದು.

ಜಿಡೊವುಡಿನ್ ಎಂಬ ಅಣು 1964ರಲ್ಲೇ ಕ್ಯಾನ್ಸರ್ ಸಂಶೋಧನೆಯ ಭಾಗವಾಗಿ ಅಮೆರಿಕದಲ್ಲಿ ತಯಾರಾಗಿ, ಕೆಲಸಕ್ಕೆ ಬಾರದೆ ಮೂಲೆ ಸೇರಿತ್ತು. 1980ರ ದಶಕದಲ್ಲಿ ಅದು ಎಚ್‌ಐವಿಯನ್ನು ತಡೆಯುತ್ತದೆಂದು ತಿಳಿಯಿತು. 1987ರಲ್ಲಿ ಅನುಮತಿ ಸಿಕ್ಕಿ, ಬರೋಸ್ ವೆಲ್ಕಮ್ ಕಂಪನಿ ಅದನ್ನು ವರ್ಷಕ್ಕೆ ಸುಮಾರು 10,000 ಡಾಲರ್‌ಗೆ ಮಾರುಕಟ್ಟೆಗೆ ಬಿಟ್ಟಿತು. ಭಾರತದಲ್ಲಿ ಎಚ್‌ಐವಿ ಪತ್ತೆಯಾದದ್ದು 1986ರಲ್ಲಿ, ಮದ್ರಾಸಿನಲ್ಲಿ. ಹೈದರಾಬಾದಿನ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯಲ್ಲಿ ಎ.ವಿ. ರಾಮರಾವ್ ಮತ್ತವರ ತಂಡ ಜಿಡೊವುಡಿನ್‌ಗೆ ತಮ್ಮದೇ ದಾರಿ ಕಂಡುಹಿಡಿಯಿತು. ಸರ್ಕಾರಿ ಪ್ರಯೋಗಾಲಯದ ಆ ವಿದ್ಯೆಯನ್ನು ಪಡೆದು ಸಿಪ್ಲಾ 1993ರಲ್ಲಿ ದಿನಕ್ಕೆ 2 ಡಾಲರ್‌ಗೂ ಕಡಿಮೆ ಬೆಲೆಗೆ ಔಷಧ ತಂದಿತು. ಜಗತ್ತಿನ ಬೆಲೆಗೆ ಹೋಲಿಸಿದರೆ ಇದು ಚಿಲ್ಲರೆ ಕಾಸು.

ಆದರೆ ಆ ಚಿಲ್ಲರೆ ಕಾಸೂ ಇಲ್ಲಿನ ರೋಗಿಗಳಿಗೆ ದುಬಾರಿಯೇ. ಕೂಲಿಯವನ ದಿನದ ದುಡಿಮೆಯೆಲ್ಲ ಮಾತ್ರೆಗೇ ಹೋಗಬೇಕು. ಕೊಂಡು ಹಂಚಬೇಕಿದ್ದದ್ದು ಸರ್ಕಾರ. ಅದರ ಏಡ್ಸ್ ಹಣ ಆಗ ಪತ್ತೆ ಹಚ್ಚುವುದಕ್ಕೆ, ತಡೆಗಟ್ಟುವುದಕ್ಕೆ ಮೀಸಲು, ಚಿಕಿತ್ಸೆಗಲ್ಲ. ಕೊಳ್ಳುವವರಿಲ್ಲದೆ ಅವಧಿ ಮುಗಿದ ಎರಡು ಲಕ್ಷ ಕ್ಯಾಪ್ಸೂಲುಗಳನ್ನು ಎಸೆಯಬೇಕಾಯಿತು ಎಂದು ಹಮೀದ್ ಮುಂದೆ ಹೇಳಿಕೊಂಡಿದ್ದಾರೆ. ಔಷಧ ಅಗ್ಗವಾದ ಮಾತ್ರಕ್ಕೆ ರೋಗಿಯ ಕೈ ಸೇರುವುದಿಲ್ಲ, ನಡುವೆ ಹಣ ಕಟ್ಟುವವರೊಬ್ಬರು ಬೇಕು ಎಂಬ ಪಾಠ ಎರಡು ಲಕ್ಷ ಕ್ಯಾಪ್ಸೂಲಿನ ಶುಲ್ಕ ಕೊಟ್ಟು ಕಲಿತದ್ದು.

1996ರ ಹೊತ್ತಿಗೆ ಒಂದಲ್ಲ, ಮೂರು ಔಷಧಗಳನ್ನು ಒಟ್ಟಿಗೆ ಕೊಟ್ಟರೆ ವೈರಸ್ಸು ತಲೆಯೆತ್ತುವುದಿಲ್ಲ ಎಂಬುದು ಸಾಬೀತಾಯಿತು. ಶ್ರೀಮಂತ ದೇಶಗಳಲ್ಲಿ ಸಾವಿನ ಸಂಖ್ಯೆ ಥಟ್ಟನೆ ಇಳಿಯಿತು. ಆಫ್ರಿಕಾದಲ್ಲಿ ಇಳಿಯಲಿಲ್ಲ, ಏಕೆಂದರೆ ಮೂರು ಔಷಧಗಳ ವರ್ಷದ ವೆಚ್ಚ 10,000 ಡಾಲರ್ ದಾಟುತ್ತಿತ್ತು. 2000ದ ಸೆಪ್ಟೆಂಬರ್ 28ರಂದು ಬ್ರಸೆಲ್ಸ್‌ನಲ್ಲಿ ಯುರೋಪಿಯನ್ ಕಮಿಷನ್ ಕರೆದ ಸಭೆಯಲ್ಲಿ ಯೂಸುಫ್ ಹಮೀದ್ ಮೂರು ಮಾತು ಹೇಳಿದರು. ವರ್ಷಕ್ಕೆ 800 ಡಾಲರ್‌ಗೆ ಮೂರೂ ಔಷಧ ಕೊಡುತ್ತೇವೆ. ಸ್ವಂತವಾಗಿ ಮಾಡಿಕೊಳ್ಳುವ ದೇಶಕ್ಕೆ ತಂತ್ರಜ್ಞಾನವನ್ನು ಉಚಿತವಾಗಿ ಕೊಡುತ್ತೇವೆ. ತಾಯಿಯಿಂದ ಮಗುವಿಗೆ ಸೋಂಕು ದಾಟದಂತೆ ತಡೆಯುವ ನೆವಿರಪಿನ್ ಅನ್ನು ಪುಕ್ಕಟೆ ಕೊಡುತ್ತೇವೆ. ಸಭೆಯಲ್ಲಿದ್ದ ಸರ್ಕಾರಗಳು ಕೇಳಿಸಿಕೊಂಡು ಎದ್ದು ಹೋದವು.

ಮರುವರ್ಷ ಫೆಬ್ರುವರಿಯಲ್ಲಿ ಸಿಪ್ಲಾ ಬೆಲೆಯನ್ನು ಮತ್ತೆ ಇಳಿಸಿತು. ಗಡಿಯಿಲ್ಲದ ವೈದ್ಯರು ಎಂಬ ಸೇವಾ ಸಂಸ್ಥೆಗೆ ವರ್ಷಕ್ಕೆ 350 ಡಾಲರ್, ಸರ್ಕಾರಗಳಿಗೆ 600. ಅಂದಿನ ಲೆಕ್ಕದಲ್ಲಿ 350 ಡಾಲರ್ ಎಂದರೆ ಸುಮಾರು 16,000 ರೂಪಾಯಿ. ದಿನಕ್ಕೆ ಒಂದು ಡಾಲರ್‌ಗೂ ಕಡಿಮೆ. ಫೆಬ್ರುವರಿ 7ರಂದು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಸುದ್ದಿ ಬಂತು. ಈ ಸಲ ಯಾರೂ ಕೇಳಿಸದಂತೆ ನಟಿಸಲಾಗಲಿಲ್ಲ.

ಈ ಅಂಕಿಗಳನ್ನು ಸ್ವಲ್ಪ ತೂಗಿ ನೋಡೋಣ. ಟ್ರಯೋಮ್ಯೂನ್ ಒಂದು ಮಾತ್ರೆಯಲ್ಲಿ ಔಷಧದ ಅಂಶ 390 ಮಿಲಿಗ್ರಾಂ. ದಿನಕ್ಕೆ ಎರಡು, ಅಂದರೆ 780. ವರ್ಷವಿಡೀ ಸೇರಿದರೆ 285 ಗ್ರಾಂ. ಒಬ್ಬ ಮನುಷ್ಯನನ್ನು ಒಂದು ವರ್ಷ ಬದುಕಿಸಲು ಬೇಕಾದ ಪುಡಿ, ಮನೆಯ ಕಾಫಿಪುಡಿ ಡಬ್ಬಿಯಲ್ಲಿ ಹಿಡಿಸುವಷ್ಟು. ಇದೇ ಮೂರು ಔಷಧಗಳ ಮೂಲ ಕಂಪನಿಗಳ ಬೆಲೆ 2000ದಲ್ಲಿ ವರ್ಷಕ್ಕೆ 10,439 ಡಾಲರ್. ಕಿಲೋ ಲೆಕ್ಕದಲ್ಲಿ ಹೇಳಿದರೆ 36,000 ಡಾಲರ್‌ಗೂ ಮೇಲೆ. ಆ ಹೊತ್ತಿಗೆ ಚಿನ್ನದ ಬೆಲೆ ಕಿಲೋಗೆ 9,000 ಡಾಲರ್‌ನ ಆಸುಪಾಸು. ಚಿನ್ನದ ನಾಲ್ಕು ಪಟ್ಟು ಬೆಲೆಯ ಆ ಪುಡಿಯನ್ನು ಸಿಪ್ಲಾ ಕಿಲೋಗೆ ಸುಮಾರು 1,200 ಡಾಲರ್‌ಗೆ ಕೊಡಲು ಸಾಧ್ಯವಾಯಿತು ಎಂದರೆ, ಮೊದಲಿನ ಬೆಲೆಯಲ್ಲಿ ತಯಾರಿಕೆಯ ಖರ್ಚು ಎಷ್ಟಿತ್ತು, ಹಕ್ಕಿನ ಬಾಡಿಗೆ ಎಷ್ಟಿತ್ತು ಎಂಬುದನ್ನು ಓದುಗರೇ ಅಂದಾಜು ಮಾಡಬಹುದು.

ಮೂಲ ಕಂಪನಿಗಳ ಉತ್ತರ ಗೊತ್ತಿದ್ದದ್ದೇ: ಸಂಶೋಧನೆಯ ವೆಚ್ಚವನ್ನು ಬೆಲೆಯಲ್ಲೇ ಹುಟ್ಟಿಸಬೇಕು. ತಳ್ಳಿಹಾಕುವ ಮಾತಲ್ಲ ಅದು. ಹತ್ತು ಅಣುಗಳನ್ನು ಹಿಂಬಾಲಿಸಿ ಒಂಬತ್ತರಲ್ಲಿ ಸೋತವರು ಹತ್ತನೆಯದರಲ್ಲಿ ನಷ್ಟ ತುಂಬಿಕೊಳ್ಳದಿದ್ದರೆ ಹನ್ನೊಂದನೆಯದಕ್ಕೆ ಕೈಹಾಕುವುದಿಲ್ಲ. ಆದರೆ ಈ ಪ್ರಕರಣದಲ್ಲಿ ಆ ವಾದಕ್ಕೆ ಎರಡು ತೂತುಗಳಿದ್ದವು. ಒಂದು, ಸ್ಟಾವುಡಿನ್ ಎಚ್‌ಐವಿಗೆ ಮದ್ದಾಗುತ್ತದೆಂದು ಕಂಡುಕೊಂಡದ್ದು ಯೇಲ್ ವಿಶ್ವವಿದ್ಯಾಲಯ. ಪೇಟೆಂಟ್ ಕೂಡ ಅದರದೇ, ಕಂಪನಿಗೆ ಇದ್ದದ್ದು ಪರವಾನಗಿ. 2001ರ ಮಾರ್ಚ್‌ನಲ್ಲಿ ಆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ ಎದ್ದು ನಿಂತು ಗಲಾಟೆ ಮಾಡಿದಾಗ, ದಕ್ಷಿಣ ಆಫ್ರಿಕಾದಲ್ಲಿ ಹಕ್ಕು ಚಲಾಯಿಸುವುದಿಲ್ಲ ಎಂದು ಕಂಪನಿ ಒಪ್ಪಬೇಕಾಯಿತು. ಎರಡು, ಜಗತ್ತಿನ ಔಷಧ ವ್ಯಾಪಾರದಲ್ಲಿ ಇಡೀ ಆಫ್ರಿಕಾದ ಪಾಲು ತೀರಾ ಅಲ್ಪ. ಅಲ್ಲಿ ಮಾರದಿದ್ದರೂ ಸಂಶೋಧನೆಯ ಖಜಾನೆ ಬರಿದಾಗುತ್ತಿರಲಿಲ್ಲ. ಕಂಪನಿಗಳ ನಿಜವಾದ ಅಂಜಿಕೆ ಬೇರೆ: ನೈರೋಬಿಯ ಬೆಲೆ ನ್ಯೂಯಾರ್ಕಿನವರಿಗೆ ಗೊತ್ತಾದರೆ ಅವರೂ ಕೇಳತೊಡಗುತ್ತಾರೆ.

ಅದೇ ತಿಂಗಳುಗಳಲ್ಲಿ ಪ್ರಿಟೋರಿಯಾದ ನ್ಯಾಯಾಲಯದಲ್ಲಿ 39 ಔಷಧ ಕಂಪನಿಗಳು ದಕ್ಷಿಣ ಆಫ್ರಿಕಾದ ಸರ್ಕಾರದ ವಿರುದ್ಧ ಮೊಕದ್ದಮೆ ನಡೆಸುತ್ತಿದ್ದವು. ಅಗ್ಗದ ಔಷಧಕ್ಕೆ ದಾರಿ ಮಾಡಿದ ಅಲ್ಲಿನ 1997ರ ಕಾಯ್ದೆ ಅವುಗಳ ಕಣ್ಣಿಗೆ ಬಿದ್ದಿತ್ತು. ಪ್ರತಿವಾದಿಗಳ ಪಟ್ಟಿಯಲ್ಲಿ ನೆಲ್ಸನ್ ಮಂಡೇಲಾ ಅವರ ಹೆಸರೂ ಇತ್ತು. ಇಂಥ ಎಡವಟ್ಟನ್ನು ಯಾವ ವಕೀಲರು ಸಲಹೆ ಮಾಡಿದರೋ. ಏಪ್ರಿಲ್ 19ರಂದು ಕಂಪನಿಗಳು ಮೊಕದ್ದಮೆ ಹಿಂತೆಗೆದುಕೊಂಡವು. ನವೆಂಬರ್‌ನಲ್ಲಿ ದೋಹಾದಲ್ಲಿ ಸೇರಿದ ವಿಶ್ವ ವ್ಯಾಪಾರ ಸಂಸ್ಥೆ, ಸಾರ್ವಜನಿಕ ಆರೋಗ್ಯ ಕಾಪಾಡಲು ದೇಶಗಳು ಪೇಟೆಂಟ್ ನಿಯಮಗಳನ್ನು ಸಡಿಲಿಸಿಕೊಳ್ಳಬಹುದು ಎಂದು ಘೋಷಿಸಿತು. ಹಣ ಕಟ್ಟುವವರೂ ಆಗ ಬಂದರು. 2002ರಲ್ಲಿ ಏಡ್ಸ್, ಕ್ಷಯ, ಮಲೇರಿಯಾಗಳ ವಿರುದ್ಧದ ಜಾಗತಿಕ ನಿಧಿ, 2003ರಲ್ಲಿ ಅಮೆರಿಕದ 15 ಶತಕೋಟಿ ಡಾಲರ್‌ಗಳ ಏಡ್ಸ್ ಯೋಜನೆ. ಅದನ್ನು ಘೋಷಿಸಿದ ಭಾಷಣದಲ್ಲಿ ಅಧ್ಯಕ್ಷ ಜಾರ್ಜ್ ಬುಷ್, ಔಷಧದ ವೆಚ್ಚ 12,000 ಡಾಲರ್‌ನಿಂದ 300ಕ್ಕೂ ಕೆಳಗೆ ಬಂದಿದೆ ಎಂದರು. ಯಾರಿಂದ ಎಂದು ಹೇಳಲಿಲ್ಲ. ಮುಂದೆ ಬಡ ದೇಶಗಳಿಗೆ ದಾನಿಗಳ ಹಣದಲ್ಲಿ ಹೋದ ಎಚ್‌ಐವಿ ಔಷಧಗಳಲ್ಲಿ ಶೇ. 80ಕ್ಕೂ ಹೆಚ್ಚು ಭಾರತದ್ದೇ ಆದವು.

ವಿಪರ್ಯಾಸವೆಂದರೆ ತವರಿನಲ್ಲಿ ಉಚಿತ ಚಿಕಿತ್ಸೆ ಶುರುವಾದದ್ದು 2004ರ ಏಪ್ರಿಲ್ 1ರಂದು. ಸೋಂಕು ಹೆಚ್ಚಿದ್ದ ಆರು ರಾಜ್ಯಗಳನ್ನು ಮೊದಲು ಆರಿಸಿಕೊಂಡರು; ಅವುಗಳಲ್ಲಿ ಕರ್ನಾಟಕವೂ ಒಂದು. ಇಂದು ಜಿಲ್ಲಾ ಆಸ್ಪತ್ರೆಗಳಲ್ಲಿ ‘ಎಆರ್‌ಟಿ ಕೇಂದ್ರ’ ಎಂಬ ಫಲಕ ಕಾಣುವ ಕೊಠಡಿಗಳ ಆರಂಭ ಅಲ್ಲಿಂದ.

ಇಷ್ಟೆಲ್ಲ ಹೇಳಿದ್ದರಿಂದ ಸಿಪ್ಲಾ ಒಂದು ಧರ್ಮಛತ್ರ ಎಂದು ತಿಳಿಯಬೇಕಿಲ್ಲ. ಲಾಭಕ್ಕಾಗಿ ನಡೆಯುವ ಕಂಪನಿ ಅದು. ದೇಶದೊಳಗೆ ಔಷಧ ಬೆಲೆ ನಿಯಂತ್ರಣದ ವಿಷಯದಲ್ಲಿ ಸರ್ಕಾರದೊಂದಿಗೆ ಸುಪ್ರೀಂ ಕೋರ್ಟ್‌ವರೆಗೂ ಹೋಗಿ ವರ್ಷಗಟ್ಟಲೆ ಕಾದಾಡಿದೆ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅನುಮೋದಿತ ಪಟ್ಟಿಯಿಂದ ಸಿಪ್ಲಾದ ಎರಡು ಎಚ್‌ಐವಿ ಔಷಧಗಳನ್ನು ತೆಗೆದುಹಾಕಿತು. ಔಷಧ ಕೆಟ್ಟದ್ದೆಂದಲ್ಲ, ಅದು ಮೂಲ ಔಷಧಕ್ಕೆ ಸಮ ಎಂದು ತೋರಿಸುವ ಪರೀಕ್ಷೆಯ ದಾಖಲೆಗಳು, ಗುತ್ತಿಗೆ ಪಡೆದ ಪ್ರಯೋಗಾಲಯದಲ್ಲಿ ಸರಿಯಿರಲಿಲ್ಲ. ಮತ್ತೆ ಪರೀಕ್ಷೆ ನಡೆದು ಅದೇ ವರ್ಷ ಅವು ಪಟ್ಟಿಗೆ ಮರಳಿದವು. ಈ ಸಮಾನತೆಯ ಪರೀಕ್ಷೆ ಏನೆಂದರೆ: ಆರೋಗ್ಯವಂತ ಸ್ವಯಂಸೇವಕರಿಗೆ ಒಮ್ಮೆ ಮೂಲ ಮಾತ್ರೆ, ಕೆಲವು ದಿನ ಬಿಟ್ಟು ಜೆನೆರಿಕ್ ಮಾತ್ರೆ (ಅದೇ ಔಷಧವನ್ನು ಬೇರೆ ಕಂಪನಿ ತಯಾರಿಸಿದ್ದು) ಕೊಟ್ಟು, ಗಂಟೆಗಂಟೆಗೂ ರಕ್ತ ತೆಗೆದು, ಔಷಧ ಎಷ್ಟು ಬೇಗ ಎಷ್ಟು ಪ್ರಮಾಣದಲ್ಲಿ ರಕ್ತಕ್ಕೆ ಇಳಿಯಿತು ಎಂದು ಅಳೆಯುತ್ತಾರೆ. ಎರಡರ ರೇಖೆಗಳೂ ಹೆಚ್ಚುಕಡಿಮೆ ಒಂದರ ಮೇಲೊಂದು ಕೂರಬೇಕು. ‘ಅಗ್ಗದ ಮಾತ್ರೆ ಕೆಲಸ ಮಾಡುತ್ತದೆಯೇ’ ಎಂದು ಔಷಧ ಅಂಗಡಿಯಲ್ಲಿ ಅನುಮಾನಪಡುವವರು ಕೇಳಬೇಕಾದ ಪ್ರಶ್ನೆ ಬೆಲೆಯದಲ್ಲ, ಈ ರೇಖೆಯದು.

ಸ್ಟಾವುಡಿನ್‌ಗೂ ಒಂದು ಕರಾಳ ಮುಖವಿತ್ತು. ವರ್ಷಗಟ್ಟಲೆ ನುಂಗಿದವರ ಕೆನ್ನೆಯ ಕೊಬ್ಬು ಕರಗಿ ಮುಖ ಒಳಸೇರುತ್ತಿತ್ತು, ಅಂಗಾಲು ಉರಿಯುತ್ತಿತ್ತು. ಕಾಯಿಲೆಯನ್ನು ಊರಿಗೆ ತಿಳಿಯದಂತೆ ಮುಚ್ಚಿಟ್ಟವರನ್ನು ಅವರ ಕೆನ್ನೆಯೇ ಬಯಲು ಮಾಡುತ್ತಿತ್ತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಹಂತ ಹಂತವಾಗಿ ಕೈಬಿಡಲು ಹೇಳಿತು. ಶ್ರೀಮಂತ ದೇಶಗಳು ಅದಕ್ಕೂ ಮೊದಲೇ ಬಿಟ್ಟಿದ್ದವು.

ಕೈಬಿಟ್ಟು ಹಿಡಿಯಬೇಕಾದ ಹೊಸ ಔಷಧಗಳ ವಿಷಯದಲ್ಲಿ ಆಟದ ನಿಯಮ ಬದಲಾಗಿತ್ತು. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಸೇರಿದ ಭಾರತ ಹತ್ತು ವರ್ಷದೊಳಗೆ ಉತ್ಪನ್ನ ಪೇಟೆಂಟ್‌ಗೆ ಮರಳುವುದಾಗಿ ಒಪ್ಪಿತ್ತು. 2005ರ ಜನವರಿ 1ಕ್ಕೆ ಗಡುವು ಮುಗಿಯಿತು, 5ನೇ ಸೆಕ್ಷನ್ ಹೋಯಿತು. ಹೋಳಿಗೆಯ ಮೇಲೆಯೇ ಮತ್ತೆ ಹಕ್ಕು. ಆದರೆ ಅದನ್ನು ತೆಗೆಯುವಾಗ ಸಂಸತ್ತು ಒಂದು ಕೊಕ್ಕೆ ಇಟ್ಟಿತು: ಸೆಕ್ಷನ್ 3(ಡಿ). ಗೊತ್ತಿರುವ ಅಣುವಿನ ರೂಪ ಬದಲಿಸಿದರೆ ಸಾಲದು, ಗುಣ ಹೆಚ್ಚಿದೆ ಎಂದು ತೋರಿಸಬೇಕು. ಅಚ್ಚು ಬೆಲ್ಲವನ್ನು ಪುಡಿ ಮಾಡಿ ಹೊಸ ಸಿಹಿ ಕಂಡುಹಿಡಿದೆ ಎನ್ನುವಂತಿಲ್ಲ. ರಕ್ತ ಕ್ಯಾನ್ಸರಿನ ಗ್ಲೀವೆಕ್ ಔಷಧದ ಹೊಸ ಹರಳು ರೂಪಕ್ಕೆ ನೊವಾರ್ಟಿಸ್ ಕಂಪನಿ ಕೇಳಿದ ಪೇಟೆಂಟ್ ಈ ಕೊಕ್ಕೆಗೆ ಸಿಕ್ಕಿಕೊಂಡಿತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಇಲ್ಲವೆಂದಿತು. ಇನ್ನೊಂದು ಅಸ್ತ್ರ ಕಡ್ಡಾಯ ಪರವಾನಗಿ, ಅಂದರೆ ಪೇಟೆಂಟ್ ಒಡೆಯರು ಒಪ್ಪದಿದ್ದರೂ ಔಷಧ ತಯಾರಿಸಲು ಬೇರೆಯವರಿಗೆ ಸರ್ಕಾರ ಕೊಡುವ ಅನುಮತಿ. ಬೇಯರ್ ಕಂಪನಿ ತಿಂಗಳಿಗೆ 2,80,428 ರೂಪಾಯಿಗೆ ಮಾರುತ್ತಿದ್ದ ಕ್ಯಾನ್ಸರ್ ಔಷಧ ಸೊರಫೆನಿಬ್ ಅನ್ನು 8,880 ರೂಪಾಯಿ ಮೀರದ ಬೆಲೆಗೆ ಕೊಡಲು ಹೈದರಾಬಾದಿನ ನ್ಯಾಟ್ಕೊಗೆ 2012ರಲ್ಲಿ ಅನುಮತಿ ಸಿಕ್ಕಿತು. ಅದೊಂದನ್ನು ಬಿಟ್ಟರೆ ಆ ಅಸ್ತ್ರ ಬತ್ತಳಿಕೆಯಲ್ಲೇ ಉಳಿದಿದೆ.

ಪುಡಿಯ ಪಾರುಪತ್ಯವೂ ಈಗ ಮೊದಲಿನಂತಿಲ್ಲ. ಹೊರಗಿನಿಂದ ತರಿಸುವ ಮೂಲ ಔಷಧಗಳಲ್ಲಿ ಸುಮಾರು ಮೂರನೇ ಎರಡು ಪಾಲು ಬರುವುದು ಚೀನಾದಿಂದ. ಯಾರ ಕೈಯಲ್ಲಿ ಡ್ರಮ್ಮು ಇರುತ್ತದೋ ಬೆಲೆ ಹೇಳುವುದು ಅವರೇ ಎಂಬ ಲೆಕ್ಕ ನಮಗೂ ಅನ್ವಯಿಸುತ್ತದೆ.

ಎಚ್‌ಐವಿ ಸೋಂಕಿತರು ಈಗಲೂ ತ್ರಿವಳಿ ಮಾತ್ರೆಯನ್ನೇ ನುಂಗುತ್ತಾರೆ, ದಿನಕ್ಕೆ ಒಂದೇ. ಒಳಗಿರುವುದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರವಿರ್. 2017ರಲ್ಲಿ ಬಡ ದೇಶಗಳಿಗೆ ಇದರ ಬೆಲೆ ವರ್ಷಕ್ಕೆ 75 ಡಾಲರ್ ಆಸುಪಾಸಿನಲ್ಲಿತ್ತು, 2023ರಲ್ಲಿ 45ಕ್ಕೂ ಕೆಳಗಿಳಿಯಿತು. ಮಾಡುವವರು ಬಹುಪಾಲು ಭಾರತದ ಕಂಪನಿಗಳೇ, ಸಿಪ್ಲಾವೂ ಅವರಲ್ಲಿ ಒಬ್ಬರು. ಡೊಲುಟೆಗ್ರವಿರ್‌ಗೆ ಮಾತ್ರ ಯಜಮಾನರಿದ್ದಾರೆ. ಅದನ್ನು ಬೆರೆಸಲು ಪರವಾನಗಿ ಪಡೆದು, ಯಾವ ಯಾವ ದೇಶಕ್ಕೆ ಮಾರಬಹುದು ಎಂಬ ಪಟ್ಟಿಗೆ ಸಹಿ ಹಾಕಬೇಕು. 2001ರ ಮಾತ್ರೆಯಲ್ಲಿದ್ದ ಮೂರರಲ್ಲಿ ಇಂದಿನ ಮಾತ್ರೆಯಲ್ಲೂ ಉಳಿದಿರುವುದು ಲ್ಯಾಮಿವುಡಿನ್ ಒಂದೇ.